ಮಿಶ್ರಧನದ ಲೆಕ್ಕ

ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೆಯ ಶತಮಾನದಲ್ಲಿ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಅಸಲು-ಬಡ್ಡಿ ಬೆರೆತ ಮೊತ್ತವನ್ನು ಬೇರ್ಪಡಿಸುವ ಬಗೆಯನ್ನು ವಿವರಿಸಿದ್ದಾನೆ. ಇಂದು ಆನ್‌ಲೈನಿನಲ್ಲಿ ತೊಗರಿಬೇಳೆ ಮಾರುವ ಸೇಡಂ ಸೀಮೆಯ ವ್ಯಾಪಾರಿಯ ಮುಂದಿರುವುದೂ ಅಂಥದೇ ಲೆಕ್ಕ. ಗ್ರಾಹಕನು ಕಾರ್ಡಿನಿಂದ 1000 ರೂಪಾಯಿ ತೆತ್ತರೆ, ಪಾವತಿ ಕಂಪನಿಯ ಶುಲ್ಕ ಶೇ 2 ಇದ್ದಲ್ಲಿ, ಅದು ಕಳೆದು ಬ್ಯಾಂಕಿಗೆ ಸೇರುವುದು 980 ರೂಪಾಯಿ; ಅದೂ ಹಲವು ಬಿಲ್ಲುಗಳ ಒಟ್ಟು ಜಮೆಯಾಗಿ. ಜಮೆಯನ್ನೇ ಮಾರಾಟವೆಂದು ಟ್ಯಾಲಿಯಲ್ಲಿ ಬರೆದರೆ ವಹಿವಾಟು ಕಡಿಮೆ ಕಾಣುತ್ತದೆ. ತೆರಿಗೆ ಇಲಾಖೆಗೆ ಉತ್ತರಿಸಬೇಕಾದವನು ವ್ಯಾಪಾರಿಯೇ. ಬಿಲ್ಲು 1000, ಶುಲ್ಕ 20 ಎಂದು ಬಿಡಿಸಿ ಬರೆಯುವುದೇ ಸರಿ. ಬಿಲ್ಲುವಾರು ವಿವರವನ್ನು ಕನ್ನಡದಲ್ಲಿ ಒದಗಿಸುವುದು ಪಾವತಿ ಕಂಪನಿಗಳಿಗೆ ಕಡ್ಡಾಯವಾಗಬೇಕೆಂಬುದು ನನ್ನ ಒತ್ತಾಯ. ಶುಲ್ಕ ಪಡೆಯುವವರು ಲೆಕ್ಕವನ್ನೂ ಒಪ್ಪಿಸಬೇಕಲ್ಲವೇ?