ಕಾಲು ಇದ್ದಷ್ಟು ಮೆಟ್ಟಿಲು

ಕಳೆದ ಯುಗಾದಿಯ ದಿನ ನಮ್ಮ ಹೊಸ ಮನೆಯ ನಕ್ಷೆ ಊಟದ ಮೇಜಿನ ಮೇಲೆ ಹರಡಿತ್ತು. ಅಟ್ಲಾಂಟಾದ ಹೊರವಲಯದಲ್ಲಿ ಕಟ್ಟುತ್ತಿರುವ ಒಂದೇ ಅಂತಸ್ತಿನ ಸಣ್ಣ ಮನೆ. ಹೋಳಿಗೆ ಊಟಕ್ಕೆ ಬಂದ ಹಳೆಯ ಸ್ನೇಹಿತರು ಬಗ್ಗಿ ನೋಡಿದರು. ಮೆಟ್ಟಿಲಿಲ್ಲದ ಮುಂಬಾಗಿಲು, ಮೂರಡಿ ಅಗಲದ ಬಚ್ಚಲ ಬಾಗಿಲು, ಗೋಡೆಯಲ್ಲಿ ಹಿಡಿದುಕೊಳ್ಳಲು ಸ್ಟೀಲ್ ಕಂಬಿ. ದನಿ ತಗ್ಗಿಸಿ ಕೇಳಿದರು: "ಮನೆಯಲ್ಲಿ ಯಾರಿಗಾದರೂ ಏನಾದರೂ ಆಗಿದೆಯಾ?"

ಆಗಿದೆ. ನನಗೆ 66 ಆಗಿದೆ, ಅವರಿಗೆ 68.

ಆ ಪ್ರಶ್ನೆಯ ಜೊತೆಗೇ ನನ್ನ ಜಗಳ. ನಾವು ಮುಪ್ಪಿಗೆಂದು ಮನೆ ಕಟ್ಟುತ್ತೇವೆ ಎನ್ನುತ್ತೇವೆ. ಕಟ್ಟುವುದು ಮಾತ್ರ ಗೃಹಪ್ರವೇಶಕ್ಕೆ. ಎರಡಂತಸ್ತು ಎತ್ತರದ ಹಜಾರ, ತಿರುಗುತ್ತ ಏರುವ ಮೆಟ್ಟಿಲು, ಮುಖ ಕಾಣುವಂತೆ ಹೊಳೆಯುವ ನೆಲ, ಎಲ್ಲವೂ ಒಂದು ದಿನ ಬಂದು ಊಟ ಮಾಡಿ ಹೋಗುವ ಜನಕ್ಕಾಗಿ. ತೊಂಬತ್ತರವರೆಗೆ ದುಡ್ಡು ಸಾಲುತ್ತದೆಯೇ ಎಂದು ಡಾಲರ್ ಡಾಲರ್ ಲೆಕ್ಕ ಹಾಕುವ ನಾವು, ತೊಂಬತ್ತರ ಮಂಡಿ ಹದಿನಾರು ಮೆಟ್ಟಿಲು ಹತ್ತುತ್ತದೆಯೇ ಎಂದು ಕೇಳಿಕೊಳ್ಳುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕಾಲು ಇದ್ದಷ್ಟು ಮೆಟ್ಟಿಲು ಕಟ್ಟು ಎನ್ನಲು ಮರೆತರು.

ನಾನೂ ಹಾಗೆ ಕಟ್ಟಿಸಿದವನೇ. 2004ರಲ್ಲಿ ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಅಮ್ಮನಿಗೆಂದು ಡ್ಯೂಪ್ಲೆಕ್ಸ್ ಮನೆ ಎಬ್ಬಿಸಿದೆ. ಮುಂದೆ ನಾವೂ ಬಂದು ಇರುವ ಯೋಚನೆಯಿತ್ತು. ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ: "ಕೆಳಗಿನ ರೂಮು, ಬಚ್ಚಲು ಸ್ವಲ್ಪ ದೊಡ್ಡದಿರಲಿ ಕಣೋ." ಆ ಜಾಗವನ್ನು ಕಾರ್ ಪೋರ್ಟಿಕೋಗೆ ಕೊಟ್ಟೆ. ದೊಡ್ಡ ಮಲಗುವ ಕೋಣೆಗಳು ಮೇಲೆ ಹೋದವು. ಏಳು ವರ್ಷದ ನಂತರ ಅಪ್ಪ ಒದ್ದೆ ಟೈಲ್ಸ್ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬಂದರು. ಕುರ್ಚಿ 26 ಇಂಚು, ಕೆಳಗಿನ ಬಚ್ಚಲ ಬಾಗಿಲು ಚೌಕಟ್ಟು ಕಳೆದು 24 ಇಂಚು. ಒಡೆದು ಅಗಲ ಮಾಡೋಣವೆಂದರೆ ಪಕ್ಕದಲ್ಲೇ ಪಿಲ್ಲರ್. ಹೆಡ್‌ಮಾಸ್ಟರಾಗಿ ಇಸ್ತ್ರಿ ಅಂಗಿ ಬಿಟ್ಟು ಬೇರೆ ಹಾಕದಿದ್ದ ಮನುಷ್ಯ ಎರಡು ವರ್ಷ ಹಿತ್ತಲಲ್ಲಿ, ಸೀರೆಯ ಮರೆ ಕಟ್ಟಿಕೊಂಡು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸ್ನಾನ ಮಾಡಿಸಿಕೊಂಡರು. ಮೇಲಿನ ದೊಡ್ಡ ಕೋಣೆಗಳಿಗೆ ಬೀಗ ಬಿದ್ದಿತ್ತು. ಆ ನಕ್ಷೆಗೆ ಸಹಿ ಹಾಕಿದವನು ನಾನು.

"ಈಗಲೇ ಯಾಕೆ, ಬೇಕಾದಾಗ ಮಾಡಿಸಿದರಾಯಿತು" ಎನ್ನುವವರಿಗೆ ನನ್ನ ಉತ್ತರ ಆ ಪಿಲ್ಲರ್. ನಕ್ಷೆಯಲ್ಲಿ ಬಾಗಿಲು ಅರ್ಧ ಅಡಿ ಹಿಗ್ಗಿಸಲು ಪೆನ್ಸಿಲ್ ಸಾಕು, ಕಟ್ಟಿದ ಮೇಲೆ ಸುತ್ತಿಗೆ ಬೇಕು. ಹಿಡಿಕಂಬಿ ಈಗ ಬೇಡವಾದರೂ ಟೈಲ್ಸ್ ಹಿಂದೆ ಗಟ್ಟಿ ಮರದ ಹಲಗೆ ಕೂರಿಸಿಟ್ಟರೆ ಮುಂದೆ ಎಂದಾದರೂ ಕಂಬಿ ಬಿಗಿಯಬಹುದು. ಕಾಲು ಮುರಿಯುವುದು ಮೊದಲೇ ತಾರೀಖು ಹೇಳಿ ಅಲ್ಲ. ಅಮೆರಿಕದಲ್ಲಿ 65 ದಾಟಿದ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಪ್ರತಿ ವರ್ಷ ಒಮ್ಮೆಯಾದರೂ ಬೀಳುತ್ತಾರೆ.

"ಲಿಫ್ಟ್ ಹಾಕಿಸಿದರಾಯಿತು" ಎನ್ನುವವರೂ ಇದ್ದಾರೆ. ಕರೆಂಟು ಹೋದಾಗ, ರಿಪೇರಿಯವನು ನಾಳೆ ಬರುತ್ತೇನೆ ಎಂದಾಗ ಎಲ್ಲಿ ಮಲಗುತ್ತೀರಿ? ರಸ್ತೆಯಿಂದ ಲಿಫ್ಟಿನ ಬಾಗಿಲಿಗೆ ನಾಲ್ಕು ಮೆಟ್ಟಿಲು ಹತ್ತಬೇಕಾದ ಕಟ್ಟಡಗಳನ್ನು ನಾನು ಬೆಂಗಳೂರಿನಲ್ಲೇ ಕಂಡಿದ್ದೇನೆ.

ಈ ದೇಶವೂ ಏನು ಕಡಿಮೆಯಿಲ್ಲ. 1990ರ ಅಂಗವಿಕಲರ ಕಾಯ್ದೆ ಅಂಗಡಿ, ಕಚೇರಿಗಳಿಗೆ ಇಳಿಜಾರು ದಾರಿ ತಂದಿತು, ನಮ್ಮ ನಮ್ಮ ಖಾಸಗಿ ಮನೆಗಳ ಹೊರಗೆ ನಿಂತಿತು. ಇದೇ ಅಟ್ಲಾಂಟಾದಲ್ಲಿ 1987ರಲ್ಲಿ ಎಲಿನರ್ ಸ್ಮಿತ್ ಎಂಬ ಗಾಲಿಕುರ್ಚಿಯ ಮಹಿಳೆ 'ಕಾಂಕ್ರೀಟ್ ಚೇಂಜ್' ಎಂಬ ಚಳವಳಿ ಶುರುಮಾಡಿದರು. ಹೊಸದಾಗಿ ಕಟ್ಟುವ ಮನೆಗಳಿಗೆ ಅವರು ಕೇಳಿದ್ದು ಮೂರೇ: ಮೆಟ್ಟಿಲಿಲ್ಲದ ಒಂದು ಬಾಗಿಲು, ಒಳಗೆ 32 ಇಂಚಾದರೂ ಜಾಗ ಬಿಡುವ ಬಾಗಿಲುಗಳು, ಕೆಳಗಿನ ಅಂತಸ್ತಿನಲ್ಲಿ ಒಂದು ಟಾಯ್ಲೆಟ್. ಇದನ್ನು ಕೇಳಲು ಚಳವಳಿ ಬೇಕಾಯಿತು! ಇಷ್ಟಿದ್ದರೆ ಊರಿಂದ ಬಂದ ಎಷ್ಟು ಅಮ್ಮಂದಿರು ನಮ್ಮ ಮನೆಗಳ ಮೇಲಂತಸ್ತಿನಲ್ಲಿ ಆರು ತಿಂಗಳು ಸೆರೆಯಾಗುವುದು ತಪ್ಪುತ್ತಿತ್ತು!

"ಹೊಸ್ತಿಲಿಲ್ಲದ ಮನೆಯೂ ಒಂದು ಮನೆಯೇ?" ಎಂದು ಕೇಳಿದವರು ನನ್ನ ಅತ್ತಿಗೆ. ನನ್ನ ಹೆಂಡತಿಯೇ ಉಪಾಯ ಹೂಡಿದಳು: "ರೀ, ತೇಗದ ಪಟ್ಟಿಯನ್ನು ನೆಲದ ಮಟ್ಟಕ್ಕೇ ಕೂರಿಸಿ. ಅರಿಸಿನ ಕುಂಕುಮ ಇಡೋದಕ್ಕೆ ಎತ್ತರ ಯಾಕೆ?" ಮಳೆನೀರು ಒಳಗೆ ನುಗ್ಗದಂತೆ ಬಾಗಿಲ ಮುಂದೆ ಜಾಲರಿಯ ಚರಂಡಿ, ಮೇಲೆ ಅಗಲವಾದ ಸೂರು. ದಾರಿ ಏರುವುದು ಇಪ್ಪತ್ತು ಅಡಿಗೆ ಒಂದಡಿ, ಏರುತ್ತಿದ್ದೇವೆಂದು ಗೊತ್ತೇ ಆಗುವುದಿಲ್ಲ. ಸ್ನಾನದ ಜಾಗಕ್ಕೆ ಕಟ್ಟೆಯಿಲ್ಲ, ನೆಲ ಒರಟು. "ಆಸ್ಪತ್ರೆ ಥರ ಕಾಣುತ್ತೆ" ಎಂದರು ಒಬ್ಬರು. ಕಾಣಲಿ. ನಿಜವಾದ ಆಸ್ಪತ್ರೆಗೆ ಹೋಗುವುದು ಅಷ್ಟು ತಡವಾಗುತ್ತದೆ.

ಮುಪ್ಪಿನ ಮನೆ ಬೇಡುವ ಚಾಕರಿಯೂ ಕಡಿಮೆಯಿರಬೇಕು. ಎಪ್ಪತ್ತು ದಾಟಿದ ಗೆಳೆಯರು ಪ್ರತಿ ಶರತ್ಕಾಲದಲ್ಲಿ ಏಣಿ ಹತ್ತಿ ಸೂರಿನ ದೋಣಿಯಿಂದ ಓಕ್ ಎಲೆ ತೆಗೆಯುವುದನ್ನು ನೋಡಿ ಎದೆ ನಡುಗುತ್ತದೆ. ಅತ್ತ ಬೆಂಗಳೂರಿಗೆ ಹಿಂದಿರುಗಿದವರ ದಿನವೆಲ್ಲ ಗಾಜಿನ ಗೋಡೆ ಒರೆಸುವವರನ್ನು, ತೇಗಕ್ಕೆ ಪಾಲಿಶ್ ಹಾಕುವವರನ್ನು ಕಾಯುವುದರಲ್ಲೇ ಕಳೆಯುತ್ತದೆ. ಮನೆ ನಮ್ಮನ್ನು ನೋಡಿಕೊಳ್ಳಬೇಕಾದ ವಯಸ್ಸಿನಲ್ಲಿ ನಾವು ಮನೆಯನ್ನು ನೋಡಿಕೊಳ್ಳುತ್ತಿದ್ದೇವೆ. ನಮ್ಮ ಹೊಸ ಮನೆಗೆ ಹುಲ್ಲುಹಾಸಿಲ್ಲ, ಬಣ್ಣ ಬೇಡುವ ಮರದ ಗೋಡೆಯಿಲ್ಲ. ಇರುವ ಎರಡು ಕೋಣೆಗಳೂ ದಿನಾ ಬಳಕೆಯಾಗುತ್ತವೆ. ಮಕ್ಕಳು ಬಂದರೆ ಹಜಾರದಲ್ಲಿ ಹಾಸಿಗೆ ಹಾಸುತ್ತೇವೆ. ನಾವೆಲ್ಲ ಮಲಗಿ ಬೆಳೆದದ್ದು ಹಾಗೆಯೇ ತಾನೆ?

ಹಳೆಯ ಕಾಲದ ಮನೆ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ನನ್ನಜ್ಜಿ ಕತ್ತಲಲ್ಲಿ ಲಾಟೀನು ಹಿಡಿದು, ಎರಡು ಎತ್ತರದ ಹೊಸ್ತಿಲು ದಾಟಿ ಹಿತ್ತಲಿಗೆ ಹೋಗುತ್ತಿದ್ದಳು. ಅವಳಿಗೆ ಬೇರೆ ದಾರಿಯಿರಲಿಲ್ಲ. ನಮಗಿದೆ, ದುಡ್ಡೂ ಇದೆ. ಇಲ್ಲದ್ದು ನಾವು ಮುದುಕರಾಗುತ್ತೇವೆ ಎಂದು ಒಪ್ಪಿಕೊಳ್ಳುವ ಧೈರ್ಯ.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಊಟ ಆಯಿತಾ, ಮಳೆ ಬಂತಾ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಬಚ್ಚಲ ಬಾಗಿಲು ಎಷ್ಟು ಇಂಚು? ಊರಲ್ಲೇ ಇರುವವರು ಎದ್ದು ಟೇಪು ಹಿಡಿಯಿರಿ. 32ಕ್ಕಿಂತ ಕಡಿಮೆಯಿದ್ದರೆ, ಮುಂದಿನ ಕಂತಿನ ದುಡ್ಡು ಮೇಲಂತಸ್ತಿಗೆ ಹೋಗುವುದು ಬೇಡ.