ಅರ್ಧ ಓದಿ ಬೈಬಲ್ ಮುಚ್ಚಬೇಡಿ, ಗಂಡಂದಿರೇ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಕ್ರೈಸ್ತ ಗಂಡಸರಲ್ಲಿ ಅನೇಕರಿಗೆ ಬೈಬಲಿನ ಒಂದು ಮಾತು ಬಾಯಿಪಾಠ. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅನ್ನುವ ಮಾತು. ಕ್ರಿಸ್ಮಸ್‌ಗೆ ಮತ್ತು ಊರ ಹಬ್ಬಕ್ಕೆ ಮಾತ್ರ ಇಗರ್ಜಿ ಮೆಟ್ಟಿಲು ಹತ್ತುವವನಿಗೂ ಇದು ನೆನಪಿರುತ್ತದೆ.

ಆ ಮಾತಿರುವುದು ಸಂತ ಪೌಲ ಎಫೆಸದವರಿಗೆ ಬರೆದ ಪತ್ರದಲ್ಲಿ, 5ನೇ ಅಧ್ಯಾಯದ 22ನೇ ವಚನ. ಅದರ ಹಿಂದಿನ 21 ಓದಿದ್ದೀರಾ ಮಾರಾಯ್ರೇ? ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂದು ಅದು ಎಲ್ಲರಿಗೂ ಹೇಳಿದ್ದು. ಮುಂದಿನ 25? ಕ್ರಿಸ್ತ ತನ್ನ ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಗಂಡ ಹೆಂಡತಿಯನ್ನು ಪ್ರೀತಿಸಬೇಕಂತೆ. ಅಂದರೆ ಅಳತೆಗೋಲು ಶಿಲುಬೆ. ಹೆಂಡತಿಯ ಪಾಠ ಮೂರು ವಚನದಲ್ಲಿ ಮುಗಿಯುತ್ತದೆ. ಗಂಡನ ಪಾಠ 33ರವರೆಗೆ ಎಳೆಯುತ್ತದೆ. ಯಾರಿಗೆ ಹೆಚ್ಚು ಬೇಕೆಂದು ಪೌಲನಿಗೆ ಗೊತ್ತಿತ್ತು ಅಂತ ಕಾಣುತ್ತದೆ.

"ದುಡಿದು ಹಾಕುತ್ತೇನಲ್ಲ, ಇನ್ನೇನು ಪ್ರೀತಿ?" ಇದು ನಮ್ಮಲ್ಲಿ ಸಿಗುವ ರೆಡಿಮೇಡ್ ಉತ್ತರ. ಗಲ್ಫಿನಿಂದ ತಿಂಗಳು ತಿಂಗಳು ಹಣ ಬರುತ್ತದೆ, ಸರಿ. ಆದರೆ ಬೆಳ್ತಂಗಡಿ ಕಡೆ ಹೆಂಡತಿಯೇ ನರ್ಸ್ ಆಗಿ ಹೊರದೇಶದಲ್ಲಿ ದುಡಿಯುವ ಮನೆಗಳೂ ಇವೆ. ದುಡಿದವನೇ ಯಜಮಾನ ಎನ್ನುವವರು ಆ ಮನೆಯಲ್ಲಿ ಯಾರು ಯಾರಿಗೆ ಅಧೀನ ಎಂದು ಹೇಳಲಿ ನೋಡೋಣ. ಊರಿನಲ್ಲೇ ಇರುವವಳ ಕಥೆ ಬೇರೆ ಅಲ್ಲ. ಬೆಳಗ್ಗೆ ಐದಕ್ಕೆ ಎದ್ದು ಹಟ್ಟಿ ತೊಳೆದು ಹಾಲು ಕರೆಯುವವಳು ಅವಳು. ಎಷ್ಟೋ ಮನೆಗಳಲ್ಲಿ ಸೊಸೈಟಿಯ ಹಣ ಬೀಳುವುದು ಗಂಡನ ಖಾತೆಗೆ. ಬೀಡಿ ಕಟ್ಟಿದ ಹಣ ಮಕ್ಕಳ ಫೀಸಿಗೆ. ಅವಳ ಕೈಯಲ್ಲಿ ಉಳಿದದ್ದೆಷ್ಟು? ಆ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನೇ ನೋಡಿ. ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ, ಹೊಸ ತೆನೆಗೆ ಆಶೀರ್ವಾದ ಆಗುತ್ತದೆ. ಒಬ್ಬ ಹೆಣ್ಣಿನ ಹುಟ್ಟಿದ ದಿನ ಅದು! ಅವತ್ತು ಬಗೆಬಗೆಯ ತರಕಾರಿ ಹೆಚ್ಚಿ, ತೆಂಗಿನಕಾಯಿ ಕಡೆದು, ಎಲ್ಲರೂ ಉಂಡ ಮೇಲೆ ಉಣ್ಣುವವರು ಯಾರು? ಗಂಡಸರು ಜಗಲಿಯಲ್ಲಿ ಕೂತು ಅಡಿಕೆ ರೇಟ್ ಮಾತಾಡುತ್ತಿರುತ್ತಾರೆ.

ಹೊಡೆತ ಬಿದ್ದಾಗ ಗುರಿಕಾರರು, ಅತ್ತೆ, ತವರಿನವರು ಎಲ್ಲರೂ ಹೇಳುವುದು ಒಂದೇ, "ಹೊಂದಿಕೊಂಡು ಹೋಗು." ಕಾನೂನೂ ಹಿಂದೆ ಹಾಗೆಯೇ ಇತ್ತು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿದರೆ ಸಾಕಿತ್ತು. ಹೆಂಡತಿಗೆ ಅಷ್ಟು ಸಾಲುತ್ತಿರಲಿಲ್ಲ, ಜೊತೆಗೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಅದು ತಿದ್ದುಪಡಿಯಾದದ್ದು 2001ರಲ್ಲಿ. ಕ್ಯಾಥೊಲಿಕ್ ಸಭೆ ವಿಚ್ಛೇದನ ಒಪ್ಪುವುದಿಲ್ಲ ನಿಜ. ಆದರೆ ಪೆಟ್ಟು ತಿನ್ನುತ್ತಾ ಇರು ಎಂದೂ ಅದು ಹೇಳಿಲ್ಲ. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಬಗ್ಗೆ ಬರೆದ 'ಅಮೋರಿಸ್ ಲೆತಿತ್ಸಿಯಾ'ದಲ್ಲಿ ಹೆಂಗಸರ ಮೇಲಿನ ಹೊಡೆತ ಗಂಡಸುತನವಲ್ಲ, ಹೇಡಿತನ ಎಂದೇ ಹೇಳಿದ್ದಾರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಎಲ್ಲ ಧರ್ಮದವರಿಗೂ ಇದೆ. ಸಹಾಯವಾಣಿ ನಂಬರ್ 181.

ಇನ್ನೊಂದು ವಚನ ಬಾಕಿ ಇದೆ. ಪೇತ್ರನ ಮೊದಲ ಪತ್ರ, 3ನೇ ಅಧ್ಯಾಯ, 7. ಹೆಂಗಸು ಬಲ ಕಡಿಮೆಯವಳು ಅನ್ನುವಷ್ಟನ್ನು ಮಾತ್ರ ಹಿಡಿದುಕೊಂಡವರು ಉಳಿದದ್ದನ್ನೂ ಓದಲಿ. ಹೆಂಡತಿಯನ್ನು ಅರಿತು ಬಾಳಬೇಕು, ಗೌರವ ಕೊಡಬೇಕು, ಇಲ್ಲವಾದರೆ ಗಂಡನ ಪ್ರಾರ್ಥನೆಗೇ ಅಡ್ಡಿ ಎಂದಿದೆ ಅಲ್ಲಿ. ಅರಿಯುವುದಕ್ಕೆ ಮೊದಲು ಕೇಳಬೇಕಲ್ಲ? ಬೆನ್ನುನೋವು ಎಷ್ಟು ದಿನದಿಂದ, ತವರಿಗೆ ಹೋಗಿ ಎಷ್ಟು ತಿಂಗಳಾಯಿತು, ಹಾಲಿನ ಹಣ ಯಾರ ಖಾತೆಗೆ ಬರಬೇಕು. ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ಮೊಬೈಲ್ ಕೆಳಗಿಡಿ. ಇದನ್ನು ಓದುತ್ತಿರುವ ಮೊಬೈಲ್ ಕೂಡ.