ಉರು ಹೊಡೆದರೆ ತಪ್ಪೇನು?

ಫ್ರೆಂಚ್ ಭಾಷೆಯಲ್ಲಿ ‘ರೆಪೆತಿಸ್ಯೋಂ’ ಎಂಬ ಪದವಿದೆ. ಹೇಳಿದ್ದನ್ನೇ ಮತ್ತೆ ಹೇಳುವುದು, ಮಾಡಿದ್ದನ್ನೇ ಮತ್ತೆ ಮಾಡುವುದು ಎಂಬುದು ಅದರ ಒಂದು ಅರ್ಥ. ನಾಟಕದ ತಾಲೀಮು ಎಂಬುದು ಇನ್ನೊಂದು. ಅದರ ಲ್ಯಾಟಿನ್ ಮೂಲಕ್ಕೆ ‘ಮತ್ತೆ ಅರಸಿ ಹೋಗುವುದು’ ಎಂಬ ಅರ್ಥವಿದೆ.

ಈ ಪದವನ್ನು ಇಲ್ಲಿ ಎತ್ತಲು ಕಾರಣವುಂಟು. ಪುನರಾವರ್ತನೆ ಎಂದರೆ ಮೂಗು ಮುರಿಯುವ ವಿದ್ಯಾವಂತರು ನಮ್ಮಲ್ಲಿ ಹೆಚ್ಚಾಗಿದ್ದಾರೆ. ಮಗು ಮಗ್ಗಿ ಒಪ್ಪಿಸಿದರೆ ಅವರಿಗೆ ಅದು ಗಿಳಿಪಾಠ. ಟೀಚರು ಅದೇ ಪಾಠವನ್ನು ಮೂರನೆಯ ಸಲ ಮಾಡಿದರೆ ಹಳೇ ಪ್ಲೇಟು. ಗೃಹಿಣಿಯ ಕೆಲಸವಂತೂ ‘ದಿನಾ ಇದ್ದದ್ದೇ’. ಅದೇ ಜನ, ಹೆಸರಾಂತ ಗಾಯಕರೊಬ್ಬರು ಇಂದಿಗೂ ಬೆಳಗ್ಗೆ ಎದ್ದು ಸರಳೆ ವರಸೆ ಹಾಡುತ್ತಾರೆಂದು ಕೇಳಿದರೆ ಕೈಮುಗಿಯುತ್ತಾರೆ. ವೇದಿಕೆಯವರು ಮಾಡಿದರೆ ಸಾಧನೆ, ಮಕ್ಕಳೂ ಹೆಂಗಸರೂ ಮಾಡಿದರೆ ಜಡತನವೆ? ಇದು ಯಾವ ನ್ಯಾಯ?

ಫ್ರೆಂಚ್ ನಾಟಕಕಾರ ಮೋಲಿಯೇರ್ 1663ರಲ್ಲಿ ವರ್ಸೇಲ್ಸ್‌ನಲ್ಲಿ ಆಡಿಸಿದ ಒಂದು ಪುಟ್ಟ ನಾಟಕದ ವಸ್ತುವೇ ತಾಲೀಮು. ಮಾತು ಬಾಯಿಗೆ ಬಂದಿಲ್ಲವೆಂದು ನಟರು ಗೋಳಾಡುತ್ತಾರೆ. ಮೋಲಿಯೇರ್ ತಾನೇ ಪಾತ್ರವಾಗಿ ಬಂದು ಅವರನ್ನು ತಿದ್ದುತ್ತಾನೆ. ಕೇಳುವ ಕಿವಿ, ತಿದ್ದುವ ಮಾತು ಇದ್ದಲ್ಲಿ ಎರಡನೆಯ ಸಲ ಮೊದಲಿನಂತಿರುವುದಿಲ್ಲ. ಅವಿಲ್ಲದ ಕಡೆ ಮಾತ್ರ ಅದು ಗಿಳಿಪಾಠ. ತಪ್ಪು ಪುನರಾವರ್ತನೆಯದಲ್ಲ, ಕಿವಿಗೊಡದವರದು.

ನಮ್ಮ ‘ತಾಲೀಮು’ ಪದವನ್ನೇ ನೋಡಿ. ಅರಬ್ಬಿಯಿಂದ ಬಂದ ಈ ಮಾತಿಗೆ ಮೂಲದಲ್ಲಿ ಶಿಕ್ಷಣವೆಂದೇ ಅರ್ಥ. ಫ್ರೆಂಚರು ಯಾವುದನ್ನು ಪುನರಾವರ್ತನೆ ಎಂದರೋ ಅದನ್ನೇ ನಾವು ಶಿಕ್ಷಣವೆಂದು ಕರೆದೆವು. ಹಾಗಿದ್ದೂ ಶಾಲೆಯೊಳಗೆ ಪುನರಾವರ್ತನೆಗೆ ಮರ್ಯಾದೆ ಇಲ್ಲ!

ಈ ಪಂಕ್ತಿಭೇದ ಫ್ರಾನ್ಸಿನಲ್ಲೂ ಇತ್ತು. ಅಲ್ಲಿನ ಹಿಂದಿನ ಪ್ರೌಢಶಾಲೆಗಳಲ್ಲಿ ಮಕ್ಕಳಿಂದ ಪಾಠ ಒಪ್ಪಿಸಿಕೊಳ್ಳುವ, ಅವರು ಓದುವಾಗ ಕಾಯುವ ‘ರೆಪೆತಿತೆರ್’ ಎಂಬವರಿದ್ದರು. ಹೆಸರು ಇದೇ ಪದದ ಕುಲದ್ದು. ಅವರ ಸ್ಥಾನ ಮಾತ್ರ ಪ್ರೊಫೆಸರರಿಗಿಂತ ಕೆಳಗೆ. ಒಮ್ಮೆ ಹೇಳಿ ಹೋದವನು ದೊಡ್ಡವನು, ಮಗುವಿಗೆ ಬರುವ ತನಕ ಕೂತು ಹೇಳಿಸಿದವನು ಸಣ್ಣವನು. ಈ ಲೆಕ್ಕಾಚಾರ ನಮಗೇನು ಹೊಸತಲ್ಲ. ಮನೆಯಲ್ಲಿ ಮಗುವಿನ ಪಕ್ಕ ಕೂತು ಹೇಳಿಸುವ ತಾಯಂದಿರಿಗೂ ಇದು ಗೊತ್ತು.

‘ವರ್ಷ ವರ್ಷವೂ ಅದೇ ಪಾಠ, ನಿಮಗೇನು ಕಷ್ಟ?’ ಎಂದು ನಮ್ಮನ್ನು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಪಾಠ ಅದೇ ಇರಬಹುದು ಸ್ವಾಮಿ, ಎದುರಿಗೆ ಕೂತ ಮಕ್ಕಳು ಪ್ರತಿ ಜೂನಿನಲ್ಲೂ ಹೊಸಬರು.